ಜ್ಞಾನಜಾಲವನ್ನು ಪ್ರಶ್ನಿಸುವ ಬಗೆ

ಭಾರತದಲ್ಲಿ ಹುಟ್ಟಿ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಪಡೆದವರು ಯಾರು? ನಮಗೆ ಇದು ಒಂದೇ ವಾಕ್ಯದ ಪ್ರಶ್ನೆ. ಗಣಕಯಂತ್ರಕ್ಕಾದರೋ ಇದನ್ನು ಬಿಡಿಬಿಡಿಯಾಗಿ ಹೇಳಬೇಕಾಗುತ್ತದೆ. ಅದು ಹೇಗೆಂಬುದನ್ನು ವಿಚಾರಮಾಡೋಣ.

2012ರಲ್ಲಿ ಆರಂಭವಾದ ವಿಕಿಡೇಟಾ ಒಂದು ಜ್ಞಾನಜಾಲ. ಇದರಲ್ಲಿ ಸಂಗತಿಗಳು ಮೂರು ಭಾಗಗಳ ಸರಳ ಹೇಳಿಕೆಗಳಾಗಿ ಶೇಖರವಾಗಿವೆ: ರಾಮನ್—ಜನ್ಮಸ್ಥಳ—ತಿರುಚಿರಾಪಳ್ಳಿ, ತಿರುಚಿರಾಪಳ್ಳಿ—ದೇಶ—ಭಾರತ. ಒಂದರ ಕೊನೆ ಮತ್ತೊಂದರ ಮೊದಲಾಗುವುದರಿಂದ ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ.

ಇದನ್ನು ಪ್ರಶ್ನಿಸುವ ಭಾಷೆಗೆ ಸ್ಪಾರ್ಕಲ್ ಎಂದು ಹೆಸರು. ಬೀಜಗಣಿತವನ್ನು ಕಲಿತವರಿಗೆ ಇದರ ತತ್ತ್ವ ಹೊಸದಲ್ಲ. ತಿಳಿಯದುದನ್ನು ‘ಕ್ಷ’, ‘ಯ’ ಎಂದು ಕರೆದು ಮೂರು ಸಾಲುಗಳನ್ನು ಬರೆಯುತ್ತೇವೆ:

ಕ್ಷ—ಪಡೆದ ಪ್ರಶಸ್ತಿ—ಭೌತವಿಜ್ಞಾನದ ನೊಬೆಲ್
ಕ್ಷ—ಜನ್ಮಸ್ಥಳ—ಯ
ಯ—ದೇಶ—ಭಾರತ

ಮೂರು ಸಾಲುಗಳಿಗೂ ಏಕಕಾಲದಲ್ಲಿ ಹೊಂದುವ ‘ಕ್ಷ’ ಯಾರು ಯಾರೋ ಅವರೇ ಉತ್ತರ. ಕಡೆಯ ಸಾಲಿನಲ್ಲಿ ‘ಯ’ ಎಂಬುದಕ್ಕೆ ಬದಲು ಮೈಮರೆತು ‘ರ’ ಎಂದು ಬರೆದೆವೆನ್ನಿ, ಎಳೆ ಕಡಿದುಹೋಗುತ್ತದೆ. ಆಗ ಬಹುಮಾನಿತರಲ್ಲಿ ಪ್ರತಿಯೊಬ್ಬರೂ ಭಾರತಕ್ಕೆ ಸೇರಿದ ಪ್ರತಿಯೊಂದು ವಸ್ತುವಿನೊಡನೆ ಜೊತೆಗೂಡಿ, ಉತ್ತರಗಳ ಪ್ರವಾಹವೇ ಹರಿಯತೊಡಗುವುದು!

ಇನ್ನೊಂದು ತೊಡಕು ಹೆಸರುಗಳದು. ಇಲ್ಲಿ ಜನ್ಮಸ್ಥಳವೆಂದರೆ ಪಿ19, ದೇಶವೆಂದರೆ ಪಿ17, ಭಾರತವೆಂದರೆ ಕ್ಯೂ668. ಇವನ್ನೆಲ್ಲ ಕಂಠಪಾಠಮಾಡುವುದು ಯಾರಿಂದ ಸಾಧ್ಯ? ಆದುದರಿಂದ ವಿಕಿಡೇಟಾದ ಪ್ರಶ್ನಾಪುಟದಲ್ಲಿ ಒಂದು ನೆರವನ್ನು ಕಲ್ಪಿಸಿದ್ದಾರೆ. ಸಾಮಾನ್ಯ ಪದವೊಂದನ್ನು ಬರೆಯತೊಡಗಿದರೆ, ಅದಕ್ಕೆ ಹೊಂದಬಹುದಾದ ಸಂಕೇತಗಳನ್ನು ವಿವರಣೆಯೊಡನೆ ಯಂತ್ರವೇ ಮುಂದಿಡುತ್ತದೆ, ನಾವು ಆರಿಸಿಕೊಂಡರಾಯಿತು.

ಆದರೆ ಈ ನೆರವು ಹೆಸರನ್ನು ಹುಡುಕಿಕೊಡಬಲ್ಲುದೇ ಹೊರತು, ನಮ್ಮ ಇಂಗಿತವನ್ನು ಅರಿಯಲಾರದು. ಮೇಲಿನ ಪ್ರಶ್ನೆಗೆ 1930ರಲ್ಲಿ ಬಹುಮಾನ ಪಡೆದ ರಾಮನ್ ದೊರೆಯುವರು. 1983ರಲ್ಲಿ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಲ್ಲಿ? ಅವರು 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಅಂದು ಬ್ರಿಟಿಷ್ ಇಂಡಿಯಾದಲ್ಲಿದ್ದ ಆ ನಗರ 1947ರಿಂದ ಪಾಕಿಸ್ತಾನದಲ್ಲಿದೆ. ನಮ್ಮ ಮನಸ್ಸಿನಲ್ಲಿದ್ದುದು ಹುಟ್ಟಿದ ಕಾಲದ ದೇಶ. ಮೂರನೆಯ ಸಾಲು ಕೇಳಿದುದು ಊರಿನ ಇಂದಿನ ದೇಶ. ಬರಹದ ಕ್ರಮ ತಪ್ಪಿದ್ದರೆ ಯಂತ್ರ ಎಚ್ಚರಿಸುತ್ತಿತ್ತು. ಇಲ್ಲಿ ಕ್ರಮವೆಲ್ಲ ಸರಿಯಾಗಿಯೇ ಇರುವುದರಿಂದ ಅದು ಸುಮ್ಮನಿರುತ್ತದೆ. ಇಂತಹ ಮೌನವೇ ವಿದ್ಯಾರ್ಥಿಗಳನ್ನು ಹೆಚ್ಚು ದಾರಿತಪ್ಪಿಸುವುದೆಂದು ನಮ್ಮ ಎಣಿಕೆ.

ಆದುದರಿಂದ ಉತ್ತರದಲ್ಲಿ ಇರಲೇಬೇಕಾದ ಒಂದೆರಡು ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅವುಗಳಲ್ಲೊಂದು ಕಾಣದಿದ್ದರೆ ಆ ಹೆಸರಿನಿಂದಲೇ ಹೊರಟು, ಒಂದೊಂದೇ ಸಾಲನ್ನು ಬೇರೆಬೇರೆಯಾಗಿ ಕೇಳಬೇಕು. ಚಂದ್ರಶೇಖರರ ವಿಷಯದಲ್ಲಿ ಮೊದಲೆರಡು ಸಾಲುಗಳು ಹೊಂದುತ್ತವೆ. ಮೂರನೆಯದರಲ್ಲಿ, ಲಾಹೋರಿನ ಬಳಿ, ಎಳೆ ಬೇರೆಡೆಗೆ ತಿರುಗುವುದು ಕಂಡುಬರುತ್ತದೆ.