ಹಾರಿದ್ದು ಹಂಚು, ನೋಡಬೇಕಾದ್ದು ಮರ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ರೋಹಿಣಿ ಮಳೆಯ ಜೊತೆ ಎದ್ದ ಗಾಳಿಗೆ ಹಿಂದಿನ ಮಾಡಿನ ಹಂಚು ಸುಮಾರಷ್ಟು ಹಾರಿಹೋಗಿವೆ. ನೆತ್ತಿಯ ಹಂಚುಗಳೂ ಗಾರೆ ಸಮೇತ ಕಿತ್ತು ಬಂದಿವೆ. ಸೋಜಿಗವೆಂದರೆ ಗಾಳಿ ಹೊಡೆದದ್ದು ಮನೆಯ ಮುಂಭಾಗಕ್ಕೆ, ಆದರೆ ಮುಂದಿನ ಮಾಡಿಗೆ ಏನೂ ಆಗಿಲ್ಲ. ಇದು ಹೇಗೆ? ಹಂಚೆಲ್ಲ ಇಳಿಸಿ ಶೀಟು ಹೊದೆಸಿಬಿಡಿ ಎಂದು ಬಡಗಿ ಹೇಳುತ್ತಿದ್ದಾರೆ. ಮಳೆಗಾಲ ತಲೆ ಮೇಲೆ ಬಂದಿದೆ. ಏನು ಮಾಡುವುದು?

ಉತ್ತರ: ನಿಮ್ಮ ಸೋಜಿಗದಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಶೀಟಿನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಗಾಳಿ ಹಂಚನ್ನು ದೂಡುವುದಕ್ಕಿಂತ ಎತ್ತುವುದೇ ಹೆಚ್ಚು. ಮುಂದಿನ ಮಾಡಿಗೆ ಬಡಿದ ಗಾಳಿ ಹಂಚನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಅದೇ ಗಾಳಿ ನೆತ್ತಿ ದಾಟಿ ಆಚೆ ಹೋಗುವಾಗ ಹಿಂದಿನ ಮಾಡಿನ ಮೇಲೆ ಒತ್ತಡ ಕಡಿಮೆಯಾಗಿ, ಅಲ್ಲಿನ ಹಂಚುಗಳನ್ನು ಮೇಲಕ್ಕೆ ಹೀರುತ್ತದೆ. ನಮ್ಮ ಮಲೆನಾಡಿನ ಮನೆಗಳಿಗೆ ಮುಂದೆ ತೆರೆದ ಜಗಲಿ ಇರುತ್ತದೆ. ಅಲ್ಲಿಂದ ಒಳನುಗ್ಗಿದ ಗಾಳಿ ಅಟ್ಟಕ್ಕೆ ಏರಿ ಹಂಚನ್ನು ಒಳಗಿನಿಂದಲೂ ನೂಕುತ್ತದೆ. ಮೇಲಿನಿಂದ ಸೆಳೆತ, ಕೆಳಗಿನಿಂದ ನೂಕು ಎರಡೂ ಸೇರಿದಾಗ ಮೊದಲು ಏಳುವುದು ನೆತ್ತಿಯ ಹಂಚು. ಅದರ ಬೆನ್ನಿಗೆ ನೆತ್ತಿಯ ಪಕ್ಕದ ಸಾಲು, ಸೂರಿನ ಸಾಲು, ಮಾಡಿನ ಅಂಚಿನವು ಏಳುತ್ತವೆ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ.

ಮಂಗಳೂರು ಹಂಚನ್ನು ಮಾಡಿನ ಮೇಲೆ ಹಿಡಿದಿಟ್ಟಿರುವುದು ಅದರ ತೂಕ ಮತ್ತು ಬೆನ್ನಿಗಿರುವ ಎರಡು ಚಿಕ್ಕ ಮೂಗು, ಅಷ್ಟೇ. ಮೂಗು ರೀಪಿಗೆ ಸಿಕ್ಕಿಕೊಂಡು ಹಂಚು ಜಾರದಂತೆ ತಡೆಯುತ್ತದೆ, ಏಳುವುದನ್ನು ತಡೆಯಲಾರದು. ಒಂದು ಹಂಚು ಹತ್ತಿರ ಹತ್ತಿರ ಎರಡೂವರೆ ಕಿಲೋ ತೂಗುತ್ತದೆ. 1 ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುವುದರಿಂದ ಅಷ್ಟು ಜಾಗದ ಮೇಲೆ 37 ಕಿಲೋಗಿಂತ ತುಸು ಹೆಚ್ಚಿನ ಭಾರ ಕೂತಿರುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿ ಅಷ್ಟೇ ಜಾಗದ ಮೇಲೆ ಹಾಕುವ ಬಲ ಸುಮಾರು 38 ಕಿಲೋ. ಎಂದರೆ ಆ ವೇಗದ ಹೊತ್ತಿಗೆ ಹಂಚಿನ ತೂಕವೂ ಗಾಳಿಯ ಬಲವೂ ಸರಿಸಮ. ನೆತ್ತಿಯಲ್ಲೂ ಅಂಚಿನಲ್ಲೂ ಸೆಳೆತ ಇನ್ನೂ ಜೋರಾಗಿರುವುದರಿಂದ ಅಲ್ಲಿ ಹಂಚು ಅದಕ್ಕಿಂತ ಮೊದಲೇ ಸೋಲುತ್ತದೆ.

ಇನ್ನು ಶೀಟಿನ ಲೆಕ್ಕ ನೋಡಿ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು 1 ಚದರ ಮೀಟರಿಗೆ ನಾಲ್ಕೈದು ಕಿಲೋ ತೂಗುತ್ತದೆ. ಗಾಳಿಯ ಎದುರು ಆ ತೂಕ ಏನೇನೂ ಅಲ್ಲ. ಶೀಟು ನಿಲ್ಲುವುದು ಸ್ಕ್ರೂಗಳ ಬಲದಿಂದ, ಸ್ಕ್ರೂ ನಿಲ್ಲುವುದು ಅದು ಕಚ್ಚಿರುವ ಮರದ ಬಲದಿಂದ. ಹುಳು ತಿಂದ ಹಳೆಯ ಪಕ್ಕಾಸಿನ ಮೇಲೆ ಹೊಸ ಶೀಟು ಬಡಿದರೆ ಮುಂದಿನ ಗಾಳಿಗೆ ಹಾರುವುದು ಬಿಡಿ ಹಂಚಲ್ಲ, ಪಕ್ಕಾಸನ್ನೂ ಕಿತ್ತುಕೊಂಡು ಇಡೀ ಹಾಳೆಯೇ ಹಾರುತ್ತದೆ. ಹಾರಿದ ಶೀಟು ಎಲ್ಲಿ ಯಾರ ಮೇಲೆ ಬೀಳುತ್ತದೆ ಎಂದು ಹೇಳಬರುವುದಿಲ್ಲ. ಹಂಚು ಹಾರಿದರೆ ನಷ್ಟ, ಶೀಟು ಹಾರಿದರೆ ಜೀವಭಯ.

ಹಾಗಾಗಿ ಹಂಚೋ ಶೀಟೋ ಎಂಬ ತೀರ್ಮಾನ ಈಗಲೇ ಬೇಡ. ಮೊದಲು ಮರವನ್ನು ನೋಡಬೇಕು. ಮರ ನೋಡುವ ಮುಂಚೆ ಮನೆಯೊಳಗೆ ನೀರು ಬೀಳದಂತೆ ಮಾಡಬೇಕು.

ಹಂಚು ಬಿದ್ದ ಕಡೆ ಕರೆಂಟಿನ ತಂತಿ ತೂಗುತ್ತಿದ್ದರೆ ಆ ಪಕ್ಕಕ್ಕೆ ಸುಳಿಯಬೇಡಿ, 1912ಕ್ಕೆ ಕರೆ ಮಾಡಿ. ಮನೆಯೊಳಗೆ ನೆನೆದ ಗೋಡೆಯಲ್ಲಿ ವೈರಿಂಗ್ ಇದ್ದರೆ ಮೇನ್ ಸ್ವಿಚ್ ಇಳಿಸಿ. ಒಡೆದ ಹಂಚಿನ ರಾಶಿಯನ್ನು ಗುಡಿಸುವ ಮುಂಚೆ ಮಾಡಿನ ಹೊರಗಿನಿಂದಲೂ ಒಳಗಿನಿಂದಲೂ ಫೋಟೋ ತೆಗೆದಿಡಿ. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ನೆನೆದ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಪಾಚಿ ಕಟ್ಟಿದ ಹಂಚು ರೂಢಿ ಇದ್ದವರನ್ನೂ ಜಾರಿಸುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಮಾಡಿನ ಮೇಲೆ ಏಣಿ ಮಲಗಿಸಿ, ಅದರ ಮೇಲೆ ಹತ್ತುವುದು ಸರಿಯಾದ ಕ್ರಮ. ಏಣಿ ಇಲ್ಲದ ಕಡೆ ರೀಪಿನ ನೇರಕ್ಕೆ, ಎರಡು ಹಂಚು ಒಂದರ ಮೇಲೊಂದು ಕೂತ ಜಾಗದಲ್ಲೇ ಕಾಲಿಡಬೇಕು. ಹಂಚಿನ ನಡುವೆ ಕಾಲಿಟ್ಟರೆ ರಿಪೇರಿಗೆ ಹೋದವರೇ ಇನ್ನಷ್ಟು ಒಡೆದು ಬರುತ್ತಾರೆ. ಮುಚ್ಚಿಗೆ ಇಲ್ಲದ ಅಟ್ಟವಾದರೆ ಮೇಲೆ ಹತ್ತುವ ಗೊಡವೆಯೇ ಬೇಡ. ಮೇಲಿನ ಸಾಲಿನ ಹಂಚನ್ನು ಒಳಗಿನಿಂದ ತುಸು ಎತ್ತಿ, ಜಾರಿದ್ದನ್ನು ಸರಿಸಿ ಕೂರಿಸಬಹುದು. ಒಂದೆರಡು ಹೊಸ ಹಂಚನ್ನೂ ಹೀಗೇ ತೂರಿಸಬಹುದು. ಬಿರುಕು ಬಿಟ್ಟ ಹಂಚಿನ ಅಡಿಗೆ ಅಡಿಕೆ ಹಾಳೆ ಸಿಕ್ಕಿಸುವ ಹಿರಿಯರ ಉಪಾಯ ಒಂದು ಮಳೆಗಾಲಕ್ಕೆ ಈಗಲೂ ಸಾಕು.

ದೊಡ್ಡ ತೆರಪಿಗೆ ಟಾರ್ಪಾಲು ಬೇಕೇ ಬೇಕು. ತೆರಪಿದ್ದಷ್ಟೇ ಜಾಗಕ್ಕೆ ಹೊದೆಸಿದರೆ ಅದರ ಮೇಲಂಚಿನಿಂದಲೇ ನೀರು ಒಳಗಿಳಿಯುತ್ತದೆ. ಟಾರ್ಪಾಲು ನೆತ್ತಿ ದಾಟಿ ಆಚೆಯ ಮಾಡಿನ ಮೇಲೂ ಎರಡು ಮೂರು ಅಡಿ ಇಳಿದಿರಬೇಕು. ಅಂಚನ್ನು ಮರದ ಪಟ್ಟಿಗೆ ಸುತ್ತಿ, ಹಗ್ಗದಿಂದ ಪಕ್ಕಾಸಿಗೆ ಬಿಗಿಯಬೇಕು. ಟಾರ್ಪಾಲಿನ ಮೇಲೆ ಕಲ್ಲು ಹೇರುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗಾಳಿಗೆ ಟಾರ್ಪಾಲು ಬಡಿದಾಡಿ ಕಲ್ಲು ಉರುಳಿದರೆ ಅಂಗಳದಲ್ಲಿ ನಿಂತವರ ಗತಿಯೇನು?

ಈಗ ಮರದ ವಿಚಾರ. ನಿಮ್ಮ ಪ್ರಶ್ನೆಯ ತಿರುಳು ಇದು.

ಹಂಚು ಹಾರಿ ತೆರೆದುಕೊಂಡ ಜಾಗವೇ ಪಕ್ಕಾಸು, ರೀಪುಗಳನ್ನು ಪರೀಕ್ಷಿಸಲು ಒಳ್ಳೆಯ ಅವಕಾಶ. ಸ್ಕ್ರೂ ಡ್ರೈವರ್ ಹಿಡಿದು ಪ್ರತಿ ಪಕ್ಕಾಸಿನ ಎರಡು ಕಡೆ ಚುಚ್ಚಿ ನೋಡಿ: ಗೋಡೆಯ ತಲೆಯ ಮೇಲೆ ಕೂತ ಜಾಗದಲ್ಲಿ ಒಮ್ಮೆ, ಸೂರಿನ ತುದಿಯಲ್ಲಿ ಒಮ್ಮೆ. ಮರ ಕೆಡುವುದು ಹೆಚ್ಚಾಗಿ ಈ ಎರಡು ಕಡೆ. ತುದಿ ಸಲೀಸಾಗಿ ಇಳಿದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಗೋಡೆಯಿಂದ ಗೆದ್ದಲಿನ ಮಣ್ಣಿನ ಗೆರೆ ಏರಿದ್ದರೆ ಆ ಪಕ್ಕಾಸಿಗೆ ಗುರುತು ಹಾಕಿ. ನೆತ್ತಿಯ ತೊಲೆಯ ಉದ್ದಕ್ಕೂ ದಾರ ಬಿಗಿದು ನೋಡಿ, ನಡುವೆ ತಗ್ಗಿದೆಯೇ ಗೊತ್ತಾಗುತ್ತದೆ. ಅಡಿಕೆ ದಬ್ಬೆಯ ರೀಪು ಹಾಕಿದ ಮನೆಯಾದರೆ ರೀಪನ್ನು ಇನ್ನೂ ಹತ್ತಿರದಿಂದ ನೋಡಬೇಕು, ಅದರ ಬಾಳಿಕೆ ಕಡಿಮೆ. ಎರಡು ಮಾಡು ಕೂಡುವ ಒಳಮೂಲೆಯ ತಗಡಿನಡಿಯನ್ನು ಮರೆಯಬೇಡಿ. ತಗಡು ತೂತಾದರೂ ಮೇಲಿನಿಂದ ಕಾಣಿಸುವುದಿಲ್ಲ. ನೀರು ಪಕ್ಕಾಸಿನ ಗುಂಟ ಹರಿದು ಎಲ್ಲೋ ಮಾರು ದೂರದಲ್ಲಿ ತೊಟ್ಟಿಕ್ಕುತ್ತದೆ, ನಾವು ತೊಟ್ಟಿಕ್ಕಿದ ಜಾಗದ ಮೇಲಿನ ಹಂಚು ಬದಲಾಯಿಸಿ ಸುಮ್ಮನಾಗುತ್ತೇವೆ. ಹಗಲು ಹೊತ್ತು ಅಟ್ಟದ ಕಿಟಕಿ ಮುಚ್ಚಿ ಕತ್ತಲು ಮಾಡಿಕೊಂಡು ನೋಡಿದರೆ ಬೆಳಕು ಇಣುಕುವ ತೂತುಗಳು ಸೀಮೆಸುಣ್ಣದಲ್ಲಿ ಗುರುತಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಹತ್ತು ಪಕ್ಕಾಸಿನಲ್ಲಿ ಎರಡೋ ಮೂರೋ ಕೆಟ್ಟಿದ್ದರೆ ಹಂಚಿನ ಮಾಡನ್ನೇ ಉಳಿಸಿಕೊಳ್ಳಿ. ಕೆಟ್ಟದ್ದರ ಪಕ್ಕಕ್ಕೆ ಗಟ್ಟಿ ಪಕ್ಕಾಸು ಜೋಡಿಸಿ ಬೋಲ್ಟ್ ಹಾಕಿದರೆ ಸಾಕು. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಮಾಡು ಬಿಚ್ಚುವುದು ಅನಿವಾರ್ಯ. ಆಗಲೂ ಮರದ ಬದಲು ಚೌಕ ಕಬ್ಬಿಣದ ಕೊಳವೆಗಳನ್ನು ಪಕ್ಕಾಸು, ರೀಪುಗಳಾಗಿ ಹಾಕಿಸಿ ಅದೇ ಹಂಚನ್ನು ಮತ್ತೆ ಹೊದೆಸಬಹುದು. ಈಗ ಹಲವು ಕಡೆ ಹೀಗೆ ಮಾಡುತ್ತಿದ್ದಾರೆ. ಗೆದ್ದಲಿನ ಕಾಟವಿಲ್ಲ, ಮನೆಯ ತಂಪೂ ಉಳಿಯುತ್ತದೆ. ಹಂಚಿನ ಮೇಲೆಯೇ ಶೀಟು ಹೊದೆಸುವವರೂ ಇದ್ದಾರೆ. ಮಂಗಗಳ ಹಾವಳಿ ವಿಪರೀತವಿರುವ ಊರಲ್ಲಿ ಅದನ್ನು ಬೇಡವೆನ್ನಲಾರೆ. ಆದರೆ ಆ ಶೀಟಿನ ಭಾರವೂ ಅದಕ್ಕೆ ಬಡಿಯುವ ಗಾಳಿಯೂ ಹಳೆಯ ಪಕ್ಕಾಸಿನ ಮೇಲೆ ಬೀಳಬಾರದು. ನೆಲದಿಂದಲೇ ಬೇರೆ ಕಂಬ ಎಬ್ಬಿಸಿ, ಅದಕ್ಕೆ ಕಟ್ಟಬೇಕು.

ಹಂಚು ಕೊಳ್ಳುವಾಗ ಒಂದು ಎಚ್ಚರ. ಕಾರ್ಖಾನೆಯಿಂದ ಕಾರ್ಖಾನೆಗೆ ಹಂಚಿನ ಅಳತೆ ಸ್ವಲ್ಪ ಬೇರೆ, ಒಂದಕ್ಕೊಂದು ಸಿಕ್ಕುವ ತೋಡೂ ಬೇರೆ. ನಿಮ್ಮ ಮನೆಯ ರೀಪುಗಳ ಅಂತರ ಹಳೆಯ ಹಂಚಿನ ಉದ್ದಕ್ಕೆ ಹೊಂದಿಸಿದ್ದು. ಬೇರೆ ಅಳತೆಯ ಹೊಸ ಹಂಚನ್ನು ನಡುವೆ ಸೇರಿಸಿದರೆ ಸಂದು ಉಳಿದು ಸೋರುತ್ತದೆ. ಒಂದು ಹಂಚನ್ನು ಬೋರಲಾಗಿ ಹಾಕಿ ಬೆನ್ನು ಒರೆಸಿ ನೋಡಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣಿನಿಂದ ಅನೇಕ ಕಾರ್ಖಾನೆಗಳು ಬೆಳೆದವು. ಅವುಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಕಾರ್ಖಾನೆ ಮುಚ್ಚಿದರೂ ಅದರ ಹಂಚು ಮುಗಿದಿಲ್ಲ. ಹಳೆ ಮನೆ ಕೆಡವಿದವರ ಬಳಿ, ಹಳೆ ಮರಮುಟ್ಟು ಮಾರುವವರ ಬಳಿ ಅದೇ ಹೆಸರಿನದು ಸಿಗುತ್ತದೆ. ಬೆರಳ ಗಣ್ಣಿನಿಂದ ತಟ್ಟಿದಾಗ ಕಂಚಿನ ಪಾತ್ರೆಯಂತೆ ಕಣ್ ಎಂದರೆ ಗಟ್ಟಿ ಹಂಚು; ಮಂಕು ಸದ್ದು ಬಂದರೆ ಬಿರುಕಿದೆ, ಬಿಟ್ಟುಬಿಡಿ. ನೂರು ಚದರಡಿಗೆ 140ರಿಂದ 150 ಹಂಚು ಬೇಕು. ಬೇಕಾದ್ದಕ್ಕಿಂತ ಇಪ್ಪತ್ತು ಮೂವತ್ತು ಹೆಚ್ಚು ತಂದು ಕೊಟ್ಟಿಗೆಯಲ್ಲಿ ಒರಗಿಸಿಡಿ.

ಹೊದೆಸುವಾಗ ಒಂದು ಕೆಲಸವನ್ನು ಹಟ ಹಿಡಿದು ಮಾಡಿಸಿ. ಹಂಚಿನ ಬೆನ್ನಿನಲ್ಲಿ ತಂತಿ ಪೋಣಿಸಲೆಂದೇ ಒಂದು ಚಿಕ್ಕ ತೂತು ಇರುತ್ತದೆ. ಬಹುಪಾಲು ಮನೆಗಳಲ್ಲಿ ಅದು ಹಾಗೇ ಖಾಲಿ ಉಳಿದಿರುತ್ತದೆ. ಸೂರಿನ ಎರಡು ಸಾಲು, ನೆತ್ತಿಯ ಪಕ್ಕದ ಎರಡು ಸಾಲು, ಮಾಡಿನ ಅಂಚಿನ ಹಂಚುಗಳು, ಇಷ್ಟನ್ನಾದರೂ ತಾಮ್ರದ ಇಲ್ಲವೇ ತುಕ್ಕು ಹಿಡಿಯದ ತಂತಿಯಿಂದ ರೀಪಿಗೆ ಕಟ್ಟಿಸಿ. ಕರಾವಳಿಯವರು ಮಾಮೂಲಿ ಕಬ್ಬಿಣದ ತಂತಿಯನ್ನು ಮುಟ್ಟಲೇಬಾರದು, ಉಪ್ಪುಗಾಳಿ ಅದನ್ನು ಬೇಗ ತಿಂದುಹಾಕುತ್ತದೆ. ಕೂಲಿಯವರು ಇದಕ್ಕೆ ಗೊಣಗಬಹುದು. ಒಂದು ದಿನದ ಕೂಲಿ ಹೆಚ್ಚಾದರೂ ಮಾಡಿಸಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಲ್ಲಿ ನೆಲಕ್ಕೆ ಅಪ್ಪಳಿಸದೆ ಕಡಲಲ್ಲೇ ಗುಜರಾತಿನ ಕಡೆ ಹಾದುಹೋಯಿತು. ಅಷ್ಟಕ್ಕೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಎಷ್ಟೋ ಮನೆಗಳ ಮಾಡು ಹಾಳಾಯಿತು.

ನೆತ್ತಿಯ ಹಂಚಿಗೆ ಬರೀ ಸಿಮೆಂಟಿನ ಗಾರೆ ಬೇಡ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿರುಸಾದ ಸಿಮೆಂಟು ಆ ಅಲುಗಾಟ ತಾಳದೆ ಬಿರಿಯುತ್ತದೆ. ಸುಣ್ಣ ಬೆರೆಸಿದ ಗಾರೆ ಒಂದಿಷ್ಟು ಬಾಗುತ್ತದೆ. ನಿಮ್ಮ ನೆತ್ತಿ ಗಾರೆ ಸಮೇತ ಕಿತ್ತುಬಂದಿದ್ದರೆ, ಆ ಗಾರೆ ಗಾಳಿ ಬರುವ ಮುಂಚೆಯೇ ಬಿರುಕು ಬಿಟ್ಟು ಹಂಚಿನ ಹಿಡಿತ ಬಿಟ್ಟಿದ್ದಿರಬೇಕು.

ಪರಿಹಾರದ ಮಾತು. ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಗೂ ಕೂಡಲೇ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ. ಫೋಟೋ ಬೇಕಾಗುವುದು ಇಲ್ಲಿ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಹಾಕಿಕೊಟ್ಟ ವಿಪತ್ತು ಪರಿಹಾರದ ಮಾನದಂಡದಂತೆ, ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ, ಮನೆಗೆ ಹೊಂದಿದ ಕೊಟ್ಟಿಗೆಗೆ 3,000 ರೂಪಾಯಿ ನಿಗದಿಯಾಗಿತ್ತು. ಇಂದಿನ ಕೂಲಿ ದರಕ್ಕೆ ಈ ಹಣ ತೀರಾ ಕಡಿಮೆ. ಮಾಡು ಕಳೆದುಕೊಂಡ ಬಡವರು ಇದರಲ್ಲಿ ಏನು ಕಟ್ಟಿಯಾರು ಎಂದು ಸಂಕಟವಾಗುತ್ತದೆ. ಆದರೂ ಅರ್ಜಿ ಹಾಕಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಹೆಚ್ಚು ಕೊಟ್ಟ ವರ್ಷಗಳೂ ಉಂಟು, ಲೆಕ್ಕದಲ್ಲಿ ಹೆಸರಿದ್ದವರಿಗೆ ಮಾತ್ರ ಅದು ಸಿಗುತ್ತದೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಭಾರತ್ ಗೃಹ ರಕ್ಷಾ ಎಂಬ ಪಾಲಿಸಿ ಕೊಡುತ್ತಿವೆ. ಬಿರುಗಾಳಿಯ ಹಾನಿ ಅದರೊಳಗೆ ಬರುತ್ತದೆ. ಮುಂದಿನ ವರ್ಷಕ್ಕಾದರೂ ವಿಚಾರಿಸಿ.

ನಿಮ್ಮ ಬಡಗಿಯನ್ನು ದೂರುತ್ತಿಲ್ಲ. ಹಂಚು ಹೊದೆಸುವ ಕೈಗಳು ಊರೂರಲ್ಲಿ ಕಡಿಮೆಯಾಗಿವೆ, ಶೀಟಿನ ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ. ಅವರು ತಮಗೆ ಸಾಧ್ಯವಿರುವುದನ್ನು ಹೇಳಿದ್ದಾರೆ. ಆದರೆ ಮೃಗಶಿರ ಮಳೆಯ ಹೊಸ್ತಿಲಲ್ಲಿ ಇಡೀ ಮಾಡು ಬಿಚ್ಚುವುದು ತಪ್ಪು. ಶೀಟು ಬರುವುದು ನಾಲ್ಕು ದಿನ ತಡವಾದರೆ ಗೋಡೆಗಳೇ ನೆನೆದು ಕುಸಿಯುತ್ತವೆ. ಮಣ್ಣಿನ ಗೋಡೆಯ ಮನೆಯಾದರೆ ಈ ಅಪಾಯ ಇನ್ನೂ ಹೆಚ್ಚು. ಈ ವಾರ ಟಾರ್ಪಾಲು ಬಿಗಿದು, ಸಿಕ್ಕಷ್ಟು ಹಂಚು ಹೊದೆಸಿ, ಪಕ್ಕಾಸುಗಳಿಗೆ ಗುರುತು ಹಾಕಿಡಿ. ಮರದ ಕೆಲಸವನ್ನು ದೀಪಾವಳಿ ಕಳೆದು ಮರ ಒಣಗಿದ ಮೇಲೆ ನಿಧಾನವಾಗಿ ಮಾಡಿಸಿ. ಶೀಟಿಗೆ ಮುಂಗಡ ಕೊಟ್ಟಿಲ್ಲವಾದರೆ ಈಗ ಕೊಡಬೇಡಿ.