ಮರಗೆಲಸದ ಯಂತ್ರಗಳು ಮತ್ತು ಮಳೆಗಾಲದ ತುಕ್ಕು

ಜೂನ್ ತಿಂಗಳು ಕಾಲಿಟ್ಟೊಡನೆ ಕರಾವಳಿಯ ಮರದ ಮಿಲ್ಲುಗಳಲ್ಲಿ ಹಾಗೂ ಪೀಠೋಪಕರಣ ಘಟಕಗಳಲ್ಲಿ ಸದ್ದಿಲ್ಲದೆ ಒಂದು ನಷ್ಟ ಆರಂಭವಾಗುತ್ತದೆ. ಅದು ಯಾವ ಲೆಡ್ಜರಿನಲ್ಲಿಯೂ ನಮೂದಾಗುವುದಿಲ್ಲ. ಪ್ಲೇನರ್, ಸರ್ಕ್ಯುಲರ್ ಸಾ ಮೊದಲಾದ ಯಂತ್ರಗಳ ಬೀಡು ಕಬ್ಬಿಣದ ಟೇಬಲ್‌ಗೆ ಹಿಡಿಯುವ ತುಕ್ಕೇ ಆ ನಷ್ಟ. ಲೆಕ್ಕಪುಸ್ತಕದಲ್ಲಿ ಸವಕಳಿ ನಿಗದಿತ ದರದಂತೆ ನಡೆದಿರುತ್ತದೆ. ಆದರೆ ಹಳೆಯ ಯಂತ್ರವನ್ನು ಕೊಳ್ಳಬಂದವನು ಮೊದಲು ಕೈಯಾಡಿಸುವುದು ಟೇಬಲಿನ ಮೇಲೆ. ವಿಮೆಯ ಆಸರೆಯನ್ನೂ ನಂಬುವಂತಿಲ್ಲ. ತುಕ್ಕು, ಸವೆತಗಳಂತಹ ಕ್ರಮೇಣದ ಹಾನಿಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಮರ ಸರಾಗವಾಗಿ ಜಾರಬೇಕಾದುದರಿಂದ ಟೇಬಲಿನ ಮೇಲ್ಮೈಗೆ ಬಣ್ಣ ಬಳಿಯಲಾಗದು. ಮಾಡು ಸೋರದಿದ್ದರೆ ತುಕ್ಕು ಹಿಡಿಯದೆಂಬ ನಂಬಿಕೆ ತಪ್ಪು. ರಾತ್ರಿ ತಣಿದ ದಪ್ಪ ಕಬ್ಬಿಣವು ಬೆಳಿಗ್ಗೆ ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ; ತೇವಭರಿತ ಗಾಳಿ ತಗುಲಿದಾಗ ಅದರ ಮೇಲೆ ನೀರಿನ ತೆಳುಪೊರೆ ಕೂರುತ್ತದೆ. ಕಡಲಗಾಳಿಯ ಉಪ್ಪು ತುಕ್ಕನ್ನು ಚುರುಕುಗೊಳಿಸುತ್ತದೆ. ಗುಡಿಸದೆ ಉಳಿದ ಮರದ ಹುಡಿ ತೇವವನ್ನು ಹೀರಿ ಹಿಡಿದಿಡುತ್ತದೆ. ಹಸಿಮರದ ಹಲಗೆಯನ್ನು ರಾತ್ರಿಯಿಡೀ ಟೇಬಲಿನ ಮೇಲೆಯೇ ಬಿಟ್ಟರೆ ಬೆಳಿಗ್ಗೆ ಅದರ ಅಚ್ಚು ಕಂದು ಬಣ್ಣದಲ್ಲಿ ಮೂಡಿರುತ್ತದೆ. ಬೆವರಿನ ಕೈಗುರುತೂ ಚಹಾ ಲೋಟದ ತಳವೂ ಇದೇ ಕೆಲಸ ಮಾಡುತ್ತವೆ.

ಪರಿಹಾರ ದುಬಾರಿಯದಲ್ಲ. ದಿನದ ಕೆಲಸ ಮುಗಿದೊಡನೆ ಹುಡಿಯನ್ನು ಗುಡಿಸಿ, ಒಣಬಟ್ಟೆಯಿಂದ ಒರೆಸಬೇಕು. ಶುಚಿಯಾದ ಟೇಬಲ್‌ಗೆ ಪೇಸ್ಟ್ ಮೇಣವನ್ನು ತೆಳುವಾಗಿ ಸವರಿ, ಒಣಗಿದ ಮೇಲೆ ಉಜ್ಜಿ ಹೊಳಪು ಬರಿಸಬೇಕು. ಮರ ಉಜ್ಜಿದಂತೆ ಮೇಣ ಸವೆಯುವುದರಿಂದ ಮಳೆಗಾಲದಲ್ಲಿ ಈ ಲೇಪನವನ್ನು ಆಗಾಗ್ಗೆ ಪುನರಾವರ್ತಿಸುವುದು ಅವಶ್ಯಕ. ಸಿಲಿಕೋನ್ ಬೆರೆತ ಕಾರ್ ಪಾಲಿಶ್ ಮಾತ್ರ ಕೂಡದು. ಅದು ಮರಕ್ಕೆ ಅಂಟಿಕೊಂಡರೆ ಮುಂದೆ ಬಳಿಯುವ ವಾರ್ನಿಷ್ ಸಮನಾಗಿ ಕೂರದೆ ಅಲ್ಲಲ್ಲಿ ಕುಳಿ ಬೀಳುತ್ತದೆ. ಗಿರಾಕಿ ವಾಪಸು ಮಾಡುವ ಸರಕಿನ ಮೂಲ ಕೆಲವೊಮ್ಮೆ ಇಲ್ಲಿಯೇ ಇರುತ್ತದೆ. ಎಣ್ಣೆಯೂ ಮರಕ್ಕೆ ಕಲೆ ಮಾಡುವುದರಿಂದ ನಿತ್ಯ ಬಳಕೆಗೆ ತಕ್ಕುದಲ್ಲ. ವಾರಗಟ್ಟಲೆ ಘಟಕ ಮುಚ್ಚುವುದಾದರೆ ತುಕ್ಕುನಿರೋಧಕ ಎಣ್ಣೆ ಹಚ್ಚಿ, ಪುನಃ ಆರಂಭಿಸುವಾಗ ಪೂರ್ಣವಾಗಿ ಒರೆಸಿ ತೆಗೆಯಬಹುದು. ಬರಿಯ ಟೇಬಲಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿದರೆ ಒಳಗಿನ ತೇವ ಅಲ್ಲಿಯೇ ಉಳಿದು ಹಾನಿ ಹೆಚ್ಚುತ್ತದೆ.

ಈಗಾಗಲೇ ತುಕ್ಕು ಹಿಡಿದಿದ್ದರೆ, ಚಪ್ಪಟೆ ಮರದ ತುಂಡಿಗೆ ನಯವಾದ ಎಮರಿ ಕಾಗದ ಸುತ್ತಿ, ತುಸು ಸೀಮೆಎಣ್ಣೆ ಹಾಕಿ ಉಜ್ಜಬೇಕು. ಬಳಸಿದ ಬಟ್ಟೆಯನ್ನು ಹುಡಿಯ ರಾಶಿಯ ಬಳಿ ಬಿಡಬಾರದು. ಅವಸರದಲ್ಲಿ ಗ್ರೈಂಡರ್ ಹಿಡಿಯುವವರಿದ್ದಾರೆ. ತುಕ್ಕಿನೊಡನೆ ಟೇಬಲಿನ ಸಮತಲವೂ ಹೋಗಿ, ಹಲಗೆಯ ಅಂಚು ನೇರ ಬರುವುದಿಲ್ಲ. ಆಗ ಟೇಬಲನ್ನು ಬಿಚ್ಚಿ ಮೆಷಿನ್ ಶಾಪಿಗೆ ಸಾಗಿಸಿ ಮರುಸಾಣೆ ಮಾಡಿಸಬೇಕು. ಅದರ ಬಿಲ್ಲು ದುರಸ್ತಿ ಖಾತೆಗೆ ಸೇರುತ್ತದೆ. ಯಂತ್ರವಿಲ್ಲದೆ ಕುಳಿತ ಕಾರ್ಮಿಕರ ದಿನಗಳು ಎಂದಿನಂತೆ ಕೂಲಿ ಖಾತೆಯಲ್ಲಿಯೇ ಅಡಗಿರುತ್ತವೆ.