ಜಲಾಶಯದ ಮಟ್ಟ ಮತ್ತು ತೂಗಾಡುವ ನೀರು

ಮಳೆಗಾಲ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆ ಎಲ್ಲರೂ ಕೇಳುವುದು ಒಂದೇ: "ಡ್ಯಾಮ್‌ನ್ಯಾಗ ನೀರು ಎಷ್ಟು ಐತಿ?" ಪತ್ರಿಕೆಯಲ್ಲಿ ಉತ್ತರ ಎರಡು ಅಂಕಿಗಳಲ್ಲಿ ಬರುತ್ತದೆ: ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ. ಮಟ್ಟವನ್ನು ಅಳೆದು, ಅದರಿಂದ ಸಂಗ್ರಹದ ಲೆಕ್ಕ ತೆಗೆಯುತ್ತಾರೆ. ಆದರೆ ನೀರು ಒಂದು ಹನಿಯೂ ಹೆಚ್ಚಾಗದೆ ಮಟ್ಟ ಮಾತ್ರ ಏರಿಳಿಯಲು ಸಾಧ್ಯ. ಅದಕ್ಕೆ ಕಾರಣ ಸ್ಥಾಯಿ ತರಂಗ. ಸರೋವರಗಳಲ್ಲಿ ಕಾಣುವ ಈ ತೂಗಾಟಕ್ಕೆ 'ಸೇಶ್' ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಫೋರೆಲ್ ಎಂಬ ವಿಜ್ಞಾನಿ ಜಿನೀವಾ ಸರೋವರದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು.

ಮನೆಯಲ್ಲೇ ನೋಡಿ

50 ಸೆಂ.ಮೀ. ಉದ್ದದ ಟ್ರೇಯಲ್ಲಿ 4 ಸೆಂ.ಮೀ. ನೀರು ಹಾಕಿ. ಒಂದು ತುದಿಯನ್ನು ಸ್ವಲ್ಪ ಎತ್ತಿ ಕೆಳಗಿಡಿ. ನೀರು ಒಂದು ತುದಿಯಲ್ಲಿ ಏರಿದಾಗ ಇನ್ನೊಂದು ತುದಿಯಲ್ಲಿ ಇಳಿಯುತ್ತದೆ. ನಡುವೆ ಮಟ್ಟ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆ ನಡುವಿನ ಜಾಗ ನಿಸ್ಪಂದ; ಎರಡು ತುದಿಗಳು ಪ್ರಸ್ಪಂದ. ಕಾಮರ್ಸ್ ಓದುವ ನನಗೆ ಇದು ಜಮಾ-ಖರ್ಚಿನ ಪುಸ್ತಕದಂತೆ ಕಾಣುತ್ತದೆ: ಒಂದು ಕಡೆ ಜಮಾ ಆದಷ್ಟೇ ಇನ್ನೊಂದು ಕಡೆ ಖರ್ಚು, ಒಟ್ಟು ಮೊತ್ತ ಮಾತ್ರ ಅಷ್ಟೇ.

ಒಂದು ಪೂರ್ತಿ ತೂಗಾಟಕ್ಕೆ ಎಷ್ಟು ಸಮಯ? ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ ಸಿಗುತ್ತದೆ. ಉದ್ದದ ಎರಡರಷ್ಟನ್ನು ಆ ವೇಗದಿಂದ ಭಾಗಿಸಿದರೆ ಅವಧಿ. ಅಳತೆಗಳೆಲ್ಲ ಮೀಟರಿನಲ್ಲಿರಬೇಕು. ನಮ್ಮ ಟ್ರೇಗೆ ಉತ್ತರ ಸುಮಾರು 1.6 ಸೆಕೆಂಡ್. 1 ಕಿ.ಮೀ. ಉದ್ದ, 3 ಮೀಟರ್ ಆಳದ ಕೆರೆ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಇದೆ ಎಂದುಕೊಂಡರೆ ಸುಮಾರು 6 ನಿಮಿಷ.

ತುಂಗಭದ್ರೆಯ ಲೆಕ್ಕ

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಆಗ ನೀರು ಹರಡುವ ವಿಸ್ತೀರ್ಣ ಸುಮಾರು 378 ಚದರ ಕಿ.ಮೀ. ಹೂಳು ತುಂಬಿದ ಮೇಲೆ ಉಳಿದಿರುವ ಸಾಮರ್ಥ್ಯ ಸುಮಾರು 105.8 ಟಿಎಂಸಿ, ಅಂದರೆ ಸುಮಾರು 300 ಕೋಟಿ ಘನ ಮೀಟರ್. ಇದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ ಆಳ ಸುಮಾರು 8 ಮೀಟರ್ ಮಾತ್ರ! ಅಲೆಯ ವೇಗ ಸೆಕೆಂಡಿಗೆ ಸುಮಾರು 8.9 ಮೀಟರ್. ತೂಗಾಡುವ ಭಾಗದ ಉದ್ದ 20 ಕಿ.ಮೀ. ಎಂದು ಹಿಡಿದರೆ ಒಂದು ತೂಗಾಟಕ್ಕೆ ಸುಮಾರು 75 ನಿಮಿಷ ಬೇಕು. ಜಿನೀವಾ ಸರೋವರ ಸುಮಾರು 73 ಕಿ.ಮೀ. ಉದ್ದವಿದ್ದರೂ ಅಲ್ಲಿನ ಅವಧಿ ಕೂಡ ಸುಮಾರು 73 ನಿಮಿಷ. ಆಳ ಬಹಳ ಇರುವುದರಿಂದ ಅಲ್ಲಿ ಅಲೆ ಬೇಗ ಓಡುತ್ತದೆ.

ತೂಗಾಟ ಶುರು ಮಾಡುವುದು ಹೆಚ್ಚಾಗಿ ಗಾಳಿ. ಪಶ್ಚಿಮದಿಂದ ಬೀಸುವ ಮುಂಗಾರು ಗಾಳಿ ನೀರನ್ನು ಅಣೆಕಟ್ಟಿನ ಕಡೆ ತಳ್ಳುತ್ತದೆ. ಗಾಳಿ ನಿಂತಾಗ ಆ ನೀರು ಹಿಂದಕ್ಕೆ ಸರಿದು ತೂಗಾಡತೊಡಗುತ್ತದೆ. ಭೂಕಂಪದಿಂದಲೂ ಹೀಗಾಗುತ್ತದೆ. 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪಕ್ಕೆ ದೂರದ ನಾರ್ವೆ ಮತ್ತು ಇಂಗ್ಲೆಂಡಿನಲ್ಲೂ ನೀರು ತೂಗಾಡಿತ್ತು.

ನಮಗೇಕೆ ಇದು ಮುಖ್ಯ?

378 ಚದರ ಕಿ.ಮೀ. ಮೇಲೆ ಒಂದೇ ಒಂದು ಸೆಂಟಿಮೀಟರ್ ನೀರು ಎಂದರೆ 37.8 ಲಕ್ಷ ಘನ ಮೀಟರ್, ಅಂದರೆ ಸುಮಾರು 0.13 ಟಿಎಂಸಿ. ಅಣೆಕಟ್ಟಿನ ಬಳಿ ಮಟ್ಟ ತಾತ್ಕಾಲಿಕವಾಗಿ 5 ಸೆಂ.ಮೀ. ಏರಿದಾಗ ಒಮ್ಮೆ ಮಾತ್ರ ಅಳೆದರೆ, ಇಲ್ಲದ 0.67 ಟಿಎಂಸಿ ಪುಸ್ತಕದಲ್ಲಿ ಜಮಾ ಆಗುತ್ತದೆ. ಈ ನೀರನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಹಂಚಿಕೊಳ್ಳುತ್ತವೆ. ಗಂಗಾವತಿಯ ಭತ್ತದ ಗದ್ದೆಗಳು ಎಡದಂಡೆ ಕಾಲುವೆಯನ್ನೇ ನಂಬಿವೆ. ಆದ್ದರಿಂದ ಒಂದು ಕ್ಷಣದ ಅಳತೆಗಿಂತ, ಒಂದು ಪೂರ್ತಿ ತೂಗಾಟದ ಅವಧಿಯಲ್ಲಿ ಹಲವು ಸಲ ಅಳೆದು ತೆಗೆದ ಸರಾಸರಿ ಹೆಚ್ಚು ನಂಬಿಕೆಗೆ ಅರ್ಹ. ಗಾಳಿಯ ದಿನ ಮಟ್ಟ ತುಸು ಏರಿದೆ ಎಂದು ಓದಿದರೆ, ಆ ದಿನದ ಒಳಹರಿವು, ಹೊರಹರಿವಿನ ಅಂಕಿಗಳನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.